ಮಾರ್ವೆಲ್ ಎಪಿಕ್ ಕಲೆಕ್ಷನ್ ಮತ್ತು ಅದರ ಅಣ್ಣತಮ್ಮಂದಿರು: ಪದೇ ಪದೇ ಕೇಳುವ ಪ್ರಶ್ನೆಗಳು

ಎಪಿಕ್ ಕಲೆಕ್ಷನ್ ಅಂದರೇನು?

ಮಾರ್ವೆಲ್‌ನ ಹಳೆಯ ಸೂಪರ್‌ಹೀರೋ ಕಾಮಿಕ್ಸ್‌ಗಳನ್ನು ಮೊದಲ ಸಂಚಿಕೆಯಿಂದ ಹಿಡಿದು ಬಣ್ಣದಲ್ಲಿ ಮರುಮುದ್ರಿಸುವ ಪೇಪರ್‌ಬ್ಯಾಕ್ ಮಾಲೆ. ಸ್ಪೈಡರ್‌ಮ್ಯಾನ್‌ಗೆ ಒಂದು ಸಾಲು, ಡೇರ್‌ಡೆವಿಲ್‌ಗೆ ಒಂದು, ಫೆಂಟಾಸ್ಟಿಕ್ ಫೋರ್‌ಗೆ ಒಂದು. 2013ರಲ್ಲಿ ಶುರುವಾಯಿತು. ಒಂದು ಸಂಪುಟಕ್ಕೆ 400ರಿಂದ 500 ಪುಟ, ಅಂದರೆ ಸುಮಾರು 17ರಿಂದ 22 ಸಂಚಿಕೆ. ಬೆಲೆ 34.99 ಡಾಲರ್‌ನಿಂದ ಹೊರಟು ಈಗ 40 ದಾಟಿದೆ.

ಸಂಪುಟ 1 ಬರುವ ಮೊದಲೇ ಸಂಪುಟ 20 ಬಂದಿದೆಯಲ್ಲ, ಇದೆಂಥ ಲೆಕ್ಕ?

ಹೊಸಬರು ಎಡವುವುದೇ ಇಲ್ಲಿ. ಬೆನ್ನಿನ ಮೇಲಿರುವ ಅಂಕಿ ಆ ಪುಸ್ತಕ ಯಾವಾಗ ಅಚ್ಚಾಯಿತು ಅಂತ ಹೇಳುವುದಿಲ್ಲ. ಆ ನಾಯಕನ ಇಡೀ ಕಥಾಸಾಲಿನಲ್ಲಿ ಈ ತುಂಡು ಎಷ್ಟನೆಯದು ಅಂತ ಹೇಳುತ್ತದೆ. ಪ್ರಕಾಶಕರು ಇಡೀ ಸಾಲನ್ನು ಮೊದಲೇ ಭಾಗ ಮಾಡಿ, ಅಂಕಿ ಕೊಟ್ಟು, ಆಮೇಲೆ ತಮಗೆ ಬೇಕಾದ ಕಡೆಯಿಂದ ತುಂಬಿಸುತ್ತಾ ಹೋಗುತ್ತಾರೆ. ಅಮೇಜಿಂಗ್ ಸ್ಪೈಡರ್‌ಮ್ಯಾನ್‌ನ 20ನೇ ಸಂಪುಟ ‘ಕಾಸ್ಮಿಕ್ ಅಡ್ವೆಂಚರ್ಸ್’ ಮೊದಲು ಬಂತು, 1ನೇ ಸಂಪುಟ ‘ಗ್ರೇಟ್ ಪವರ್’ ಆಮೇಲೆ.

ಹಾಗಾಗಿ ಅಂಗಡಿಯಲ್ಲಿ 7ನೇ ಸಂಪುಟ ಸಿಗಲಿಲ್ಲ ಅಂದರೆ ಎರಡು ಕಾರಣ ಇರಬಹುದು: ಪ್ರತಿಗಳು ಮುಗಿದಿವೆ, ಇಲ್ಲವೇ ಆ ಪುಸ್ತಕ ಇನ್ನೂ ಹುಟ್ಟೇ ಇಲ್ಲ. ಹಳೇ ಪ್ರತಿಗೆ ಮೂರು ಪಟ್ಟು ದುಡ್ಡು ಕೊಡುವ ಮುಂಚೆ ಮೊದಲನೆಯದೋ ಎರಡನೆಯದೋ ಅಂತ ಖಚಿತ ಮಾಡಿಕೊಳ್ಳಿ. ಮುಗಿದ ಸಂಪುಟಗಳಲ್ಲಿ ಎಷ್ಟೋ ಮತ್ತೆ ಅಚ್ಚಾಗುತ್ತವೆ. ಕಾಯುವವರ ಜೇಬು ಉಳಿಯುತ್ತದೆ.

ಮಾಸ್ಟರ್‌ವರ್ಕ್ಸ್, ಮೈಟಿ ಮಾಸ್ಟರ್‌ವರ್ಕ್ಸ್, ಆಮ್ನಿಬಸ್, ಎಸೆನ್ಷಿಯಲ್: ಎಲ್ಲದರಲ್ಲೂ ಅದೇ ಕಥೆ ತಾನೇ?

ಅದೇ ಕಥೆ, ಬೇರೆ ಬೇರೆ ಅಳತೆಯ ಪಾತ್ರೆ.

ಮಾಸ್ಟರ್‌ವರ್ಕ್ಸ್ ಇವುಗಳಲ್ಲಿ ಹಿರಿಯಣ್ಣ. 1987ರಲ್ಲಿ ರಟ್ಟಿನ ಬೈಂಡಿಂಗ್‌ನಲ್ಲಿ ಬಂತು. ಮೊದಲ ಪುಸ್ತಕದಲ್ಲಿ ಸ್ಪೈಡರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ ಅಮೇಜಿಂಗ್ ಫ್ಯಾಂಟಸಿ 15 ಮತ್ತು ಅಮೇಜಿಂಗ್ ಸ್ಪೈಡರ್‌ಮ್ಯಾನ್ 1–10. ಎರಡನೆಯದರಲ್ಲಿ ಫೆಂಟಾಸ್ಟಿಕ್ ಫೋರ್ 1–10. ಮೂರನೆಯದರಲ್ಲಿ ಎಕ್ಸ್‌ಮೆನ್ 1–10. ನಾಲ್ಕನೆಯದರಲ್ಲಿ ಅವೆಂಜರ್ಸ್ 1–10. ಇದರಲ್ಲೂ ಅಂಕಿಯ ತಕರಾರಿದೆ. ಅಮೃತಶಿಲೆಯ ವಿನ್ಯಾಸದ ಮೇಲುಹೊದಿಕೆ ಇರುವ ಪ್ರತಿಗಳಿಗೆ ಇಡೀ ಮಾಲೆಗೆ ಒಂದೇ ಸರಣಿ ಅಂಕಿ, ಮಾಮೂಲಿ ಹೊದಿಕೆಯ ಪ್ರತಿಗಳಿಗೆ ಆಯಾ ನಾಯಕನ ಅಂಕಿ. ಒಂದೇ ಪುಸ್ತಕ ಒಂದು ಹೊದಿಕೆಯಲ್ಲಿ ‘3’, ಇನ್ನೊಂದರಲ್ಲಿ ‘ಎಕ್ಸ್‌ಮೆನ್ 1’. ಎರಡನ್ನೂ ಕೊಂಡು ಪರಿತಪಿಸಬೇಡಿ.

ಮೈಟಿ ಮಾರ್ವೆಲ್ ಮಾಸ್ಟರ್‌ವರ್ಕ್ಸ್ 2021ರಲ್ಲಿ ಬಂದ ಕಿರಿಯ ತಮ್ಮ. 6×9 ಇಂಚು, ಪೇಪರ್‌ಬ್ಯಾಕ್, ಶುರುವಿನ ಬೆಲೆ 15.99 ಡಾಲರ್, ಮೈಕಲ್ ಚೋ ಬರೆದ ಮುಖಪುಟ. ಸ್ಪೈಡರ್‌ಮ್ಯಾನ್ 1ರ ಒಳಗಿರುವುದು 1987ರ ಮಾಸ್ಟರ್‌ವರ್ಕ್ಸ್‌ನಲ್ಲಿದ್ದ ಅದೇ ಸಂಚಿಕೆಗಳು. ಮಕ್ಕಳ ಕೈಗೆ ಕೊಡಲು, ಬಸ್ಸಿನಲ್ಲಿ ಓದಲು ಹೇಳಿ ಮಾಡಿಸಿದ್ದು. ಆದರೆ ಪುಟ ಕುಗ್ಗಿದ ಹಾಗೆ ಅಕ್ಷರವೂ ಕುಗ್ಗುತ್ತದೆ. 1960ರ ದಶಕದ ಕಾಮಿಕ್ಸ್‌ನಲ್ಲಿ ಮಾತು ಜಾಸ್ತಿ. ನಲವತ್ತು ದಾಟಿದವರು ಕನ್ನಡಕ ಹತ್ತಿರ ಇಟ್ಟುಕೊಂಡೇ ಕೂರಬೇಕು.

ಆಮ್ನಿಬಸ್ ಅಂದರೆ ಇಟ್ಟಿಗೆ. ಪುಟ ಎಪಿಕ್‌ಗಿಂತ ದೊಡ್ಡದು, ಸುಮಾರು 800ರಿಂದ 1,000 ಪುಟ ಅಥವಾ ಇನ್ನೂ ಹೆಚ್ಚು, ಹೊಲಿಗೆ ಬೈಂಡಿಂಗ್. ಸ್ಪೈಡರ್‌ಮ್ಯಾನ್ ಆಮ್ನಿಬಸ್ 1ರಲ್ಲಿ ಸ್ಟೀವ್ ಡಿಟ್ಕೊ ಚಿತ್ರಿಸಿದ 1–38 ಸಂಚಿಕೆಗಳು ಪೂರ್ತಿ ಇವೆ. ಎಪಿಕ್‌ನಲ್ಲಿ ಅದೇ ಸಾಮಗ್ರಿ ಎರಡು ಸಂಪುಟಕ್ಕೆ ಹಂಚಿಹೋಗಿದೆ: ಮೊದಲನೆಯದರಲ್ಲಿ 1–17, ಎರಡನೆಯದರಲ್ಲಿ 18–38. ಎರಡು ಎಪಿಕ್ ಇದ್ದವರಿಗೆ ಆ ಆಮ್ನಿಬಸ್‌ನ ಹೆಚ್ಚುಕಡಿಮೆ ಎಲ್ಲವೂ ಇದ್ದಂತೆ. ಮೇಜಿನ ಮೇಲೆ ಅಂಗಾತ ಮಲಗಿಸಿ ಚಿತ್ರ ನೋಡುವವರಿಗೆ ಆಮ್ನಿಬಸ್, ಹಾಸಿಗೆಯಲ್ಲಿ ಓದುವವರಿಗೆ ಎಪಿಕ್. ನಿದ್ದೆ ಬಂದು ಮೂಗಿನ ಮೇಲೆ ಬಿದ್ದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಎಸೆನ್ಷಿಯಲ್ 1996ರಲ್ಲಿ ಶುರುವಾದ ಕಪ್ಪು-ಬಿಳುಪು ಮಾಲೆ. ಒರಟು ಕಾಗದ, ಐನೂರರ ಹತ್ತಿರ ಪುಟ, ಅಗ್ಗ. ಈಗ ಹೊಸದಾಗಿ ಬರುತ್ತಿಲ್ಲ, ಹಳೇ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಮಸಿಗೆರೆಯ ಕೆಲಸ ಕಲಿಯುವ ಚಿತ್ರಕಾರರಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಬಣ್ಣ ಅಡ್ಡ ಬರುವುದಿಲ್ಲ. ಕಥೆಗಾಗಿ ಓದುವವರಿಗೆ ಮಾತ್ರ ರಾತ್ರಿಯ ದೃಶ್ಯ, ಗುಂಪಿನ ಹೊಡೆದಾಟಗಳಲ್ಲಿ ಯಾರು ಯಾರೆಂದು ಗೊತ್ತಾಗದೆ ತಲೆಕೆಡುತ್ತದೆ. ಅಂಥ ಕಡೆ ಪಾತ್ರಗಳನ್ನು ಬೇರೆ ಮಾಡಿ ತೋರಿಸುತ್ತಿದ್ದದ್ದೇ ಬಣ್ಣ.

ಒಂದೇ ಕಥೆಯನ್ನು ಎರಡು ಸಲ ಕೊಳ್ಳದಿರಲು ಏನು ಮಾಡಬೇಕು?

ಮುಖಪುಟದ ಹೆಸರನ್ನು ನಂಬಬೇಡಿ. ಒಳಗೆ ಸಣ್ಣಕ್ಷರದಲ್ಲಿರುವ ಮುದ್ರಣ ವಿವರ ಓದಿ. ಅದರಲ್ಲಿ ಮೂಲತಃ ಯಾವ ಯಾವ ಸಂಚಿಕೆಯಾಗಿ ಬಂದಿದ್ದು ಎಂಬ ಪಟ್ಟಿ ಇರುತ್ತದೆ. ‘ಗ್ರೇಟ್ ಪವರ್’ನಲ್ಲಿ ಅದು ಅಮೇಜಿಂಗ್ ಫ್ಯಾಂಟಸಿ 15, ಅಮೇಜಿಂಗ್ ಸ್ಪೈಡರ್‌ಮ್ಯಾನ್ 1–17, ಆನ್ಯುಯಲ್ (ವರ್ಷಕ್ಕೊಮ್ಮೆ ಬರುವ ವಿಶೇಷ ಸಂಚಿಕೆ) 1. ಈ ಪಟ್ಟಿಯನ್ನು ಓದುವಾಗ ಮೂರು ವಿಷಯ ಗಮನಿಸಿ.

ಮೊದಲನೆಯದು, ಹೆಸರಿನ ಪಕ್ಕದ ಇಸವಿ. ಮಾರ್ವೆಲ್ ಒಂದೇ ಹೆಸರಿನ ಪತ್ರಿಕೆಯನ್ನು ಹಲವು ಸಲ ಹೊಸದಾಗಿ 1ರಿಂದ ಶುರುಮಾಡಿದೆ. 1963ರಲ್ಲಿ ಶುರುವಾದ ಸ್ಪೈಡರ್‌ಮ್ಯಾನ್ 1 ಬೇರೆ, 1999ರ 1 ಬೇರೆ. ಇಸವಿ ನೋಡದೆ ಅಂಕಿ ಮಾತ್ರ ನೋಡಿದರೆ ಅಜ್ಜನ ಬದಲು ಮೊಮ್ಮಗ ಮನೆಗೆ ಬರುತ್ತಾನೆ.

ಎರಡನೆಯದು, ಆನ್ಯುಯಲ್‌ಗಳು ಮತ್ತು ಬೇರೆ ಪತ್ರಿಕೆಯ ಸಂಚಿಕೆಗಳು. ಕಥೆ ಡೇರ್‌ಡೆವಿಲ್‌ನಲ್ಲಿ ಶುರುವಾಗಿ ಸ್ಪೈಡರ್‌ಮ್ಯಾನ್‌ನಲ್ಲಿ ಮುಗಿದರೆ ಆ ಕೊನೆಯ ಭಾಗ ಪಟ್ಟಿಯಲ್ಲಿ ಇದೆಯೇ ಅಂತ ನೋಡಿ.

ಮೂರನೆಯದು, ‘ಇಂಥ ಸಂಚಿಕೆಯಿಂದ ಆಯ್ದ ಸಾಮಗ್ರಿ’ ಎನ್ನುವ ಮಾತು. ಇದನ್ನು ಕಂಡ ತಕ್ಷಣ ಪುಟ ಕತ್ತರಿಸಿದ್ದಾರೆ ಅಂತ ಬಹಳ ಜನ ಗಾಬರಿಯಾಗುತ್ತಾರೆ. 1960ರ ದಶಕದ ಮಟ್ಟಿಗೆ ಇದು ಸಾಮಾನ್ಯವಾಗಿ ನಷ್ಟವಲ್ಲ. ಆಗ ಮಾರ್ವೆಲ್‌ನ ಕೆಲವು ಪತ್ರಿಕೆಗಳಲ್ಲಿ ಇಬ್ಬರು ನಾಯಕರು ಒಂದೇ ಮನೆಯಲ್ಲಿ ಬಾಡಿಗೆಗಿದ್ದರು. ಟೇಲ್ಸ್ ಆಫ್ ಸಸ್ಪೆನ್ಸ್ 59ರಿಂದ 99ರವರೆಗೆ ಅರ್ಧ ಐರನ್‌ಮ್ಯಾನ್, ಅರ್ಧ ಕ್ಯಾಪ್ಟನ್ ಅಮೆರಿಕ. ಟೇಲ್ಸ್ ಟು ಅಸ್ಟಾನಿಷ್ 70ರಿಂದ 101ರವರೆಗೆ ಹಲ್ಕ್ ಮತ್ತು ಸಬ್‌ಮ್ಯಾರಿನರ್. ಸ್ಟ್ರೇಂಜ್ ಟೇಲ್ಸ್‌ನಲ್ಲಿ ಡಾಕ್ಟರ್ ಸ್ಟ್ರೇಂಜ್‌ನ ಜೊತೆ ಮೊದಲು ಹ್ಯೂಮನ್ ಟಾರ್ಚ್, 135ರಿಂದ ನಿಕ್ ಫ್ಯೂರಿ. ಕ್ಯಾಪ್ಟನ್ ಅಮೆರಿಕದ ಎಪಿಕ್‌ಗೆ ಅವನ ಅರ್ಧ ಸಾಕು, ಇನ್ನರ್ಧ ಐರನ್‌ಮ್ಯಾನ್‌ನ ಸಾಲಿನಲ್ಲಿ ಸಿಗುತ್ತದೆ. 1990ರ ದಶಕದ ಸಾಮಗ್ರಿಗೆ ಇದೇ ಮಾತು ಬಂದರೆ ಮಾತ್ರ ಸ್ವಲ್ಪ ಹುಷಾರು: ಆಗಿನ ದಪ್ಪ ಆನ್ಯುಯಲ್‌ಗಳಿಂದ ಮುಖ್ಯ ಕಥೆಯನ್ನಷ್ಟೇ ಎತ್ತಿಕೊಂಡು ಹಿಂಬದಿಯ ಪುಟ್ಟ ಕಥೆಗಳನ್ನು ಬಿಟ್ಟಿರಬಹುದು.

ಎಕ್ಸ್‌ಮೆನ್ 67ರಿಂದ 93ರವರೆಗೆ ಯಾವ ಎಪಿಕ್‌ನಲ್ಲೂ ಇಲ್ಲ. ಮರೆತುಬಿಟ್ಟರೇ?

ಮರೆತಿಲ್ಲ. ಆ ಇಪ್ಪತ್ತೇಳು ಸಂಚಿಕೆಗಳೇ ಮರುಮುದ್ರಣಗಳು! 1970ರ ಆರಂಭದಲ್ಲಿ 66ನೇ ಸಂಚಿಕೆಗೆ ಹೊಸ ಕಥೆಗಳು ನಿಂತವು. ಅದೇ ವರ್ಷದ ಕೊನೆಯಲ್ಲಿ ಪತ್ರಿಕೆ 67ರಿಂದ ಮತ್ತೆ ಹೊರಟು, 1975ರವರೆಗೆ ತನ್ನದೇ ಹಳೇ ಕಥೆಗಳನ್ನು ಪುನಃ ಅಚ್ಚುಹಾಕಿತು. ಮರುಮುದ್ರಣವನ್ನು ಮರುಮುದ್ರಿಸಿದರೆ ನಿಮ್ಮ ಬಳಿ ಇರುವ ಹಿಂದಿನ ಸಂಪುಟಗಳನ್ನೇ ಇನ್ನೊಮ್ಮೆ ಮಾರಿದಂತೆ. 1975ರ ಜೈಂಟ್‌ಸೈಜ್ ಎಕ್ಸ್‌ಮೆನ್ 1, ಅದರ ಹಿಂದೆಯೇ ಬಂದ 94ನೇ ಸಂಚಿಕೆಯಿಂದ ಹೊಸ ತಂಡದ ಕಥೆ ಶುರು. ಎಪಿಕ್‌ನಲ್ಲಿ ಅದು ಸಂಪುಟ 5, ‘ಸೆಕೆಂಡ್ ಜೆನೆಸಿಸ್’. ವುಲ್ವರಿನ್, ಸ್ಟಾರ್ಮ್, ನೈಟ್‌ಕ್ರಾಲರ್‌ಗಾಗಿ ಬಂದವರು ಇಲ್ಲಿಂದಲೇ ಹಿಡಿಯಬಹುದು, ಹಿಂದಿನ ನಾಲ್ಕನ್ನು ಓದಿರಲೇಬೇಕೆಂದಿಲ್ಲ.

ಹೊಸ ಅಚ್ಚಿನಲ್ಲಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಮೂಲದಲ್ಲೂ ಹೀಗೇ ಇತ್ತೇ?

ಇರಲಿಲ್ಲ. ತಪ್ಪು ಬಣ್ಣದ್ದಲ್ಲ, ಕಾಗದದ್ದು.

ಆಗಿನ ಕಾಮಿಕ್ಸ್ ಇಲಿನಾಯ್‌ನ ಸ್ಪಾರ್ಟಾ ಊರಿನ ವರ್ಲ್ಡ್ ಕಲರ್ ಪ್ರೆಸ್‌ನಲ್ಲಿ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚಾಗುತ್ತಿತ್ತು. ಬಣ್ಣ ಬೇರ್ಪಡಿಸುವ ಕೆಲಸ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನಲ್ಲಿ ಕೈಯಲ್ಲೇ ನಡೆಯುತ್ತಿತ್ತು. ನೀಲಿ, ಕೆಂಪು, ಹಳದಿ: ಮೂರು ಶಾಯಿ, ಪ್ರತಿಯೊಂದಕ್ಕೂ ಖಾಲಿ, ಕಾಲುಭಾಗ, ಅರ್ಧ, ಪೂರ್ತಿ ಎಂಬ ನಾಲ್ಕೇ ಮಟ್ಟ. 4×4×4, ಅಂದರೆ 64 ಬಣ್ಣ, ಅಷ್ಟೇ. ನ್ಯೂಸ್‌ಪ್ರಿಂಟ್ ಶಾಯಿ ಕುಡಿಯುತ್ತದೆ, ಚುಕ್ಕಿಗಳು ಅಗಲವಾಗುತ್ತವೆ, ಕಾಗದದ ಹಳದಿ ಛಾಯೆಯೂ ಸೇರಿ ಎಲ್ಲ ತುಸು ಮಬ್ಬಾಗುತ್ತದೆ. ಬಣ್ಣಗಾರರು ಈ ಮಬ್ಬನ್ನು ಲೆಕ್ಕಕ್ಕೆ ಹಿಡಿದೇ ಗಾಢವಾಗಿ ಗುರುತು ಹಾಕುತ್ತಿದ್ದರು. ಅದೇ ಗುರುತನ್ನು ಇವತ್ತಿನ ಬೆಳ್ಳನೆಯ ನುಣುಪು ಕಾಗದದ ಮೇಲೆ ಚಾಚೂತಪ್ಪದೆ ಹಾಕಿದರೆ, ಸಾರು ತೆಳ್ಳಗಾಗುತ್ತದೆಂದು ಜಾಸ್ತಿ ಹಾಕಿದ ಉಪ್ಪು ಗಟ್ಟಿ ಸಾರಿಗೆ ಬಿದ್ದ ಹಾಗೆ. ಹೊಳಪಿಲ್ಲದ, ತುಸು ಕೆನೆಬಣ್ಣದ ಕಾಗದದಲ್ಲಿ ಅಚ್ಚಾದ ಮರುಮುದ್ರಣ ಕಣ್ಣಿಗೆ ಹಿತ ಅನ್ನಿಸುವುದು ಇದಕ್ಕೇ.

ಗೆರೆಗಳ ಕಥೆ ಬೇರೆ. ಕಪ್ಪು ಗೆರೆಯ ಫಿಲ್ಮ್ ಉಳಿದಿದ್ದರೆ ಅದನ್ನು ಸ್ಕ್ಯಾನ್ ಮಾಡಿ, ಹಳೇ ಪ್ರತಿಯನ್ನು ಎದುರಿಗಿಟ್ಟುಕೊಂಡು ಬಣ್ಣ ತುಂಬುತ್ತಾರೆ. ಫಿಲ್ಮ್ ಇಲ್ಲದಿದ್ದರೆ ಅಚ್ಚಾದ ಪ್ರತಿಯಿಂದಲೇ ಗೆರೆ ಎತ್ತಬೇಕು. ಅದಕ್ಕೆ ಗ್ರೆಗ್ ಥೀಕ್‌ಸ್ಟನ್ ರೂಢಿಗೆ ತಂದ ಒಂದು ವಿಧಾನವಿತ್ತು: ಹಳೇ ಪುಟವನ್ನು ರಾಸಾಯನಿಕದಲ್ಲಿ ಅದ್ದಿ ಬಣ್ಣದ ಶಾಯಿಯನ್ನು ಮಾತ್ರ ಬಿಡಿಸುವುದು, ಕಪ್ಪು ಉಳಿಯುತ್ತದೆ. ಒಂದು ಮೂಲಪ್ರತಿ ಅಲ್ಲಿಗೆ ಬಲಿ. ಈಗ ಆ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಮಾಡಬಹುದು. ಹೀಗೆ ಎತ್ತಿದ ಪುಟಗಳಲ್ಲಿ ತೆಳುಗೆರೆ ಮಾಯವಾಗುವುದು, ನೆರಳಿಗೆ ಹಾಕಿದ ಹತ್ತಿರದ ಗೆರೆಗಳು ಒಂದಕ್ಕೊಂದು ಅಂಟಿ ಕಪ್ಪು ಮುದ್ದೆಯಾಗುವುದು ಸಾಮಾನ್ಯ. ನಿಮ್ಮ ಪ್ರತಿಯ ಒಂದು ಕಥೆ ಮಾತ್ರ ದಪ್ಪಗೆರೆಯಲ್ಲಿ ಕಂಡರೆ ಅದು ಬಹುಶಃ ಆಕರದ ದೋಷ, ಪ್ರತಿ ಬದಲಿಸಿಕೊಂಡರೂ ಹೋಗುವುದಿಲ್ಲ.

ಒಂದು ಪುಸ್ತಕದಲ್ಲಿ ಮೊದಲ ಹಲ್ಕ್ ಬೂದು, ಇನ್ನೊಂದರಲ್ಲಿ ಹಸಿರು. ಯಾವುದು ಸರಿ?

ಬೂದು. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನೇ. ಆ ಅಚ್ಚಿನ ಪದ್ಧತಿಯಲ್ಲಿ ಬೂದು ಬಣ್ಣ ಪುಟದಿಂದ ಪುಟಕ್ಕೆ ಒಂದೇ ಸಮ ನಿಲ್ಲಲಿಲ್ಲ, ಎರಡನೇ ಸಂಚಿಕೆಗೆ ಹಸಿರಾದ. ಮುಂದೆ ಎಷ್ಟೋ ವರ್ಷದ ಮರುಮುದ್ರಣಗಳಲ್ಲಿ ಮೊದಲ ಸಂಚಿಕೆಯನ್ನೂ ಹಸಿರು ಮಾಡಿಬಿಟ್ಟರು.

ಹಳೇ ಮರುಮುದ್ರಣ ಪತ್ರಿಕೆಗಳು ಅಗ್ಗಕ್ಕೆ ಸಿಗುತ್ತವೆ. ಅವು ಸಾಲದೇ?

ಓದಲು ಖುಷಿಯೇ, ಆದರೆ ಪೂರ್ತಿ ಅಂತ ನಂಬಬೇಡಿ. ಸ್ಪೈಡರ್‌ಮ್ಯಾನ್‌ನ ಹಳೇ ಕಥೆಗಳನ್ನು ‘ಮಾರ್ವೆಲ್ ಟೇಲ್ಸ್’ ಎಂಬ ಪತ್ರಿಕೆ ದಶಕಗಳ ಕಾಲ ಮರುಮುದ್ರಿಸಿತು. 1970ರ ದಶಕದಲ್ಲಿ ಕಾಮಿಕ್ಸ್‌ನಲ್ಲಿ ಕಥೆಗೆ ಸಿಗುವ ಪುಟ 17ಕ್ಕೆ ಇಳಿಯಿತು. 20 ಪುಟದ ಹಳೇ ಕಥೆ ಅದರೊಳಗೆ ಹಿಡಿಯಬೇಕಲ್ಲ, ಪುಟಗಳಿಗೆ ಕತ್ತರಿ ಬಿತ್ತು. 1986ರಲ್ಲಿ ಶುರುವಾದ ‘ಕ್ಲಾಸಿಕ್ ಎಕ್ಸ್‌ಮೆನ್’ನಲ್ಲಿ ಆದದ್ದು ಉಲ್ಟಾ: ಹಳೇ ಕಥೆಯ ನಡುವೆ ಹೊಸ ಪುಟ ಸೇರಿಸಿದರು, ಕೊನೆಗೆ ಜಾನ್ ಬೋಲ್ಟನ್ ಚಿತ್ರಿಸಿದ ಹೊಸ ಕಿರುಕಥೆ ಇಟ್ಟರು. ಆ ಕಿರುಕಥೆಗಳಿಗಾಗಿಯೇ ಅದನ್ನು ಹುಡುಕಿ ಕೊಳ್ಳಬಹುದು, ಅಷ್ಟು ಚೆನ್ನಾಗಿವೆ. ಎಪಿಕ್‌ನಲ್ಲಿ ಬರುವುದು 1975ರ ಮೂಲ ಪಾಠ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 1964ರಲ್ಲಿ ಶುರುವಾಗಿ ಮುಂದೆ ಕನ್ನಡದಲ್ಲೂ ಬಂದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಕೂಡ ದಿನಪತ್ರಿಕೆಗಳಲ್ಲಿ ಬಂದ ಚಿತ್ರಪಟ್ಟಿಗಳನ್ನು ಪುಸ್ತಕದ ಪುಟಕ್ಕೆ ಹೊಂದಿಸಿದ ಮರುಮುದ್ರಣವೇ. ಅಲ್ಲೂ ಚೌಕಟ್ಟು ಕತ್ತರಿಸಿದ್ದಾರೆ, ಹೆಸರು ಬದಲಿಸಿದ್ದಾರೆ. ಫ್ಯಾಂಟಮ್‌ನ ನಾಡಿನ ಹೆಸರು ‘ಬಂಗಾಳ’ ಅಂತ ಕೇಳಿಸುತ್ತದೆಂದು ಅದನ್ನು ‘ಡೆಂಕಾಲಿ’ ಮಾಡಿದ್ದು ಇದಕ್ಕೆ ಒಳ್ಳೆಯ ಉದಾಹರಣೆ.

ಕೆಲವು ಸರಣಿಗಳು ವರ್ಷಗಟ್ಟಲೆ ಮರುಮುದ್ರಣವಾಗುವುದೇ ಇಲ್ಲ. ಏಕೆ?

ಪಾತ್ರ ಮಾರ್ವೆಲ್‌ನದಲ್ಲ, ಬಾಡಿಗೆಗೆ ತಂದದ್ದು. ‘ರಾಮ್’ (ROM) ಒಂದು ಆಟಿಕೆಯಿಂದ ಹುಟ್ಟಿದ ನಾಯಕ. 1979ರಿಂದ 1986ರವರೆಗೆ 75 ಸಂಚಿಕೆ ಬಂತು, ಒಪ್ಪಂದ ಮುಗಿದ ಮೇಲೆ ದಶಕಗಳ ಕಾಲ ಪುಸ್ತಕವಾಗಲಿಲ್ಲ. ಹಕ್ಕು ಮತ್ತೆ ಕೂಡಿಬಂದದ್ದರಿಂದ 2024ರಲ್ಲಿ ಆಮ್ನಿಬಸ್ ಬಂತು. 1977–79ರ ಗಾಡ್ಜಿಲ್ಲಾದ 24 ಸಂಚಿಕೆಗಳದ್ದೂ ಇಂಥದೇ ಕಥೆ. ಕೊನನ್ ಅಂತೂ ಪ್ರಕಾಶಕರ ಮನೆ ಬದಲಿಸುತ್ತಲೇ ಇದ್ದಾನೆ: 1970ರಿಂದ 2000ದವರೆಗೆ ಮಾರ್ವೆಲ್, 2003ರಿಂದ ಡಾರ್ಕ್ ಹಾರ್ಸ್, 2019ರಲ್ಲಿ ಮತ್ತೆ ಮಾರ್ವೆಲ್, 2023ರಿಂದ ಟೈಟನ್.

ಸ್ಪೈಡರ್‌ಮ್ಯಾನ್‌ನ ಸಂಪುಟಕ್ಕೆ ಕಾಯಿರಿ ಅಂದೆವಲ್ಲ, ಇಲ್ಲಿ ಆ ಮಾತು ಉಲ್ಟಾ. ಬಾಡಿಗೆ ಪಾತ್ರದ ಸಂಪುಟ ಸರಿಯಾದ ಬೆಲೆಗೆ ಕಂಡರೆ ಅವತ್ತೇ ಕೊಳ್ಳಿ. ಒಪ್ಪಂದ ಹರಿದರೆ ಎರಡನೇ ಅಚ್ಚಿನ ಪ್ರಶ್ನೆಯೇ ಇಲ್ಲ.

ಮಾರ್ವೆಲ್‌ನ ಎದುರಾಳಿ ಪ್ರಕಾಶಕರಾದ ಡಿಸಿಯಲ್ಲಿ ಇದಕ್ಕೆ ಸಮನಾದದ್ದು ಯಾವುದು?

ನವೆಂಬರ್ 2024ರಲ್ಲಿ ಶುರುವಾದ ‘ಡಿಸಿ ಫೈನೆಸ್ಟ್’. ಪೇಪರ್‌ಬ್ಯಾಕ್, ಬಣ್ಣ, ಸುಮಾರು 600 ಪುಟ, 39.99 ಡಾಲರ್. ಎಪಿಕ್‌ನಂತೆ ಇದೂ ಎಲ್ಲೆಲ್ಲಿಂದಲೋ ಶುರುವಾಗುತ್ತದೆ. ಆದರೆ ಬೆನ್ನಿನ ಮೇಲೆ ಸಂಪುಟದ ಅಂಕಿಯೇ ಇಲ್ಲ, ಕಪಾಟಿನಲ್ಲಿ ಜೋಡಿಸಲು ಸಂಚಿಕೆಗಳ ಪಟ್ಟಿಯನ್ನೇ ನೋಡಬೇಕು. ಅದಕ್ಕೂ ಹಿಂದೆ 1989ರಿಂದ ರಟ್ಟಿನ ‘ಆರ್ಕೈವ್ಸ್’, 2005ರಿಂದ ಕಪ್ಪು-ಬಿಳುಪಿನ ‘ಶೋಕೇಸ್ ಪ್ರೆಸೆಂಟ್ಸ್’ ಇದ್ದವು.

ಫ್ಯಾಕ್ಸಿಮಿಲಿ ಎಡಿಷನ್ ಮೂಲಪ್ರತಿಯೇ? ಒಬ್ಬರು ಮೂಲ ಅಂತಲೇ ಮಾರುತ್ತಿದ್ದಾರೆ.

ಅಲ್ಲ. ಒಂದೇ ಸಂಚಿಕೆಯನ್ನು ಹಳೇ ಜಾಹೀರಾತು, ಓದುಗರ ಪತ್ರ ಸಮೇತ ಹೊಸದಾಗಿ ಅಚ್ಚುಹಾಕಿದ್ದು. ಎಪಿಕ್‌ನಲ್ಲಿ ಸಿಗದ ಆ ಜಾಹೀರಾತುಗಳೇ ಇದರ ಸ್ವಾರಸ್ಯ. ಮುಖಪುಟದಲ್ಲಿ 12 ಸೆಂಟ್ ಅಂತ ಕಂಡಾಕ್ಷಣ ಮೋಸಹೋಗಬೇಡಿ: ಒಳಗಿನ ಮುದ್ರಣ ವಿವರದಲ್ಲಿ ಫ್ಯಾಕ್ಸಿಮಿಲಿ ಎಂಬ ಮಾತು, ಹೊಸ ಇಸವಿ ಇರುತ್ತದೆ. ಕಾಗದ ಬೆಳ್ಳಗಿದ್ದು ಹಳೇ ನ್ಯೂಸ್‌ಪ್ರಿಂಟಿನ ವಾಸನೆ ಇಲ್ಲದಿದ್ದರೆ ಅಲ್ಲೇ ಅನುಮಾನಪಡಿ. ಹಳೆಯದಾಗಿ ಕಂಡರೂ ಮೂಲವಲ್ಲದ ಪ್ರತಿಗಳೂ ಇವೆ. 1966ರಲ್ಲಿ ಗ್ರಾಮಫೋನ್ ತಟ್ಟೆಯ ಜೊತೆ ಕೊಟ್ಟ ಗೋಲ್ಡನ್ ರೆಕಾರ್ಡ್ ಮರುಮುದ್ರಣಗಳ ಕಾಗದ ನಿಜಕ್ಕೂ ಹಳೆಯದೇ. ಆದರೆ ಮುಖಪುಟದಲ್ಲಿ ಬೆಲೆ ಇರುವುದಿಲ್ಲ. ಫೋಟೋದಲ್ಲಿ ಆ ಮೂಲೆಯನ್ನು ಬೆರಳಿಂದ ಮುಚ್ಚಿದ್ದರೆ ಕೈ ತೆಗೆಯಲು ಹೇಳಿ.

ಭಾರತದಿಂದ ತರಿಸುವಾಗ ಹೇಗೆ ಹುಡುಕಬೇಕು?

ಹೆಸರಿನಿಂದ ಹುಡುಕಬೇಡಿ, ಐಎಸ್‌ಬಿಎನ್‌ನಿಂದ (ಪುಸ್ತಕದ ಗುರುತಿನ ಅಂಕಿ) ಹುಡುಕಿ. ಮಾರ್ವೆಲ್‌ನ ಹಳೇ ಪುಸ್ತಕಗಳದ್ದು 978-0-7851, ಹೊಸವುಗಳದ್ದು 978-1-302ರಿಂದ ಶುರುವಾಗುತ್ತದೆ. ಗೊತ್ತಿರಬೇಕಾದ ಒಂದು ಗುಟ್ಟು: ಎಪಿಕ್ ಮರುಮುದ್ರಣವಾದಾಗ ಎಷ್ಟೋ ಸಲ ಹೊಸ ಐಎಸ್‌ಬಿಎನ್ ಕೊಡುತ್ತಾರೆ. ಹಳೇ ಅಂಕಿ ಹಾಕಿದರೆ ‘ಲಭ್ಯವಿಲ್ಲ’ ಅಂತಲೋ, ಯಾರೋ ಇಟ್ಟ ಹತ್ತು ಸಾವಿರ ರೂಪಾಯಿಯ ಬೆಲೆಯೋ ಕಾಣುತ್ತದೆ. ಹೊಸ ಅಂಕಿಯಲ್ಲಿ ಅದೇ ಪುಸ್ತಕ ಮಾಮೂಲಿ ಬೆಲೆಗೆ ಕೂತಿರುತ್ತದೆ. ಆದ್ದರಿಂದ ಸಂಪುಟದ ಹೆಸರಿನ ಜೊತೆ ‘ನ್ಯೂ ಪ್ರಿಂಟಿಂಗ್’ ಅಂತ ಸೇರಿಸಿ ಇನ್ನೊಮ್ಮೆ ನೋಡಿ.

ಆಮ್ನಿಬಸ್ ಆದರೆ ಸಾಗಣೆಯ ತೂಕ ಲೆಕ್ಕ ಹಾಕಿ. ಸಾವಿರ ಪುಟದ್ದು ಎರಡೂವರೆ, ಮೂರು ಕಿಲೋ ತೂಗುತ್ತದೆ. ಬರೀ ಕಾಗದದ ಲಕೋಟೆಯಲ್ಲಿ ಕಳಿಸುವ ಮಾರಾಟಗಾರರಿಂದ ತರಿಸಿದರೆ ಮೂಲೆ ಜಜ್ಜಿಯೇ ಬರುತ್ತದೆ. ಡಬ್ಬಿಯಲ್ಲಿ ಕಳಿಸುತ್ತಾರೆಯೇ ಅಂತ ಮೊದಲೇ ಕೇಳಿ.

ಪುಸ್ತಕ ಬಂದ ಕೂಡಲೇ ಏನು ನೋಡಬೇಕು?

ಹೆಸರು ಬರೆಯಬೇಡಿ, ಮೊದಲು ಪುಟ ತಿರುವಿ. ಪುಸ್ತಕವನ್ನು ಕಟ್ಟುವುದು ಫಾರಂಗಳ ಲೆಕ್ಕದಲ್ಲಿ, 16 ಅಥವಾ 32 ಪುಟಕ್ಕೊಂದು. ತಪ್ಪು ಆಗುವುದೂ ಅದೇ ಲೆಕ್ಕದಲ್ಲಿ: ಒಂದು ಫಾರಂ ಎರಡು ಸಲ, ಇನ್ನೊಂದು ಇಲ್ಲವೇ ಇಲ್ಲ, ಅಥವಾ ತಲೆಕೆಳಗು. ಕಾಮಿಕ್ಸ್ ಪುಟಗಳಲ್ಲಿ ಪುಟಸಂಖ್ಯೆ ಇಲ್ಲದಿರುವುದು ಮಾಮೂಲಿ, ಹಾಗಾಗಿ ಕಥೆಯ ಎಳೆಯನ್ನೇ ಹಿಡಿದು ನೋಡಬೇಕು. ಒಳಗಿನ ಎಲ್ಲ ಮುಖಪುಟಗಳನ್ನೂ ಎಣಿಸಿ, ಮುದ್ರಣ ವಿವರದ ಪಟ್ಟಿಗೆ ತಾಳೆ ಹಾಕಿದರೆ ಐದು ನಿಮಿಷದ ಕೆಲಸ. ದೋಷ ಕಂಡರೆ ಆ ಪುಟ, ಮುದ್ರಣ ವಿವರ, ಹಿಂಬದಿಯ ಬಾರ್‌ಕೋಡ್ ಮೂರರ ಫೋಟೋ ತೆಗೆದು, ವಾಪಸಾತಿಯ ಗಡುವಿನೊಳಗೆ ಕಳಿಸಿ.

ಎಪಿಕ್ ಅಂಟು ಬೈಂಡಿಂಗ್ ಆದ್ದರಿಂದ ನಡುವೆ ಹಿಡಿದು ಜೋರಾಗಿ ಅಗಲಿಸಿದರೆ ಬೆನ್ನಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಬೆನ್ನನ್ನು ಮೇಜಿನ ಮೇಲೆ ಊರಿ ಮುಂದಿನಿಂದ ಹತ್ತಿಪ್ಪತ್ತು ಹಾಳೆ, ಹಿಂದಿನಿಂದ ಹತ್ತಿಪ್ಪತ್ತು ಹಾಳೆ ಹೀಗೆ ಸರದಿಯಲ್ಲಿ ಮೆಲ್ಲಗೆ ಒತ್ತುತ್ತಾ ನಡುವಿಗೆ ಬನ್ನಿ. ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಅಂಟಿನೊಳಗೆ ಹೂತುಹೋಗುವುದು ಮಾತ್ರ ಇದರಿಂದ ಸರಿಯಾಗುವುದಿಲ್ಲ.

ಮಳೆಗಾಲದಲ್ಲಿ ಮುಖಪುಟ ಹೊರಕ್ಕೆ ಸುರುಳಿ ಏಳುತ್ತದೆ. ಕಳಪೆ ಮಾಲೇ?

ಅಲ್ಲ. ಮುಖಪುಟದ ಹೊರಮೈಗೆ ಮಾತ್ರ ಪ್ಲಾಸ್ಟಿಕ್ ಪೊರೆ ಇದೆ. ಒಳಮೈಯ ಕಾಗದ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಆದ್ದರಿಂದ ಅಂಚು ಹೊರಕ್ಕೆ ಬಾಗುತ್ತದೆ. ಮಂಗಳೂರು, ಕಾರವಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ತಪ್ಪಿದ್ದಲ್ಲ. ಬಿಸಿಲಿಗಿಟ್ಟರೆ ಸುರುಳಿ ಇಳಿಯಬಹುದು, ಆದರೆ ಬೆನ್ನಿನ ಬಣ್ಣವೂ ಇಳಿಯುತ್ತದೆ. ಒಣಗಿದ ಕೋಣೆಯಲ್ಲಿ ಮಲಗಿಸಿ ಮೇಲೊಂದು ಆಮ್ನಿಬಸ್ ಹೇರಿ, ವಾರದಲ್ಲಿ ಬಹುಪಾಲು ನೇರವಾಗುತ್ತದೆ.

ಕಪಾಟನ್ನು ಹೊರಗೋಡೆಗೆ ತಾಗಿಸದೆ ಎರಡು ಮೂರು ಇಂಚು ಬಿಟ್ಟು ನಿಲ್ಲಿಸಿ. ಬಾಗಿಲಿರುವ ಕಪಾಟಾದರೆ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಮಳೆಗಾಲದ ನಡುವೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವುದು ಬೇಡ. ಒಳಗಿರುವ ತೇವ ಹೊರಬರಲಾರದೆ ಬೂಷ್ಟು ಹಿಡಿಯುತ್ತದೆ. ಕಟ್ಟುವುದಿದ್ದರೆ ಮಾರ್ಚ್‌ನಲ್ಲಿ, ಕಾಗದ ಗರಿಗರಿ ಇರುವಾಗ ಕಟ್ಟಿ.